ಬಂದದ್ದಕ್ಕಿಂತ ಹಂಚಿದ ನೀರೇ ಹೆಚ್ಚು! ರೋಮ್‌ನ ನೀರುಗಳ್ಳತನ ಹಿಡಿದ ಫ್ರಾಂಟಿನಸ್

ಸೀಸದ ಪೈಪಿನ ನೀರು ಕುಡಿದೇ ರೋಮ್ ಸಾಮ್ರಾಜ್ಯ ಹಾಳಾಯಿತು ಎಂಬ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಸೀಸ ವಿಷ ಎಂಬುದು ನಿಜ. ರೋಮ್‌ನ ಹಳೆಯ ಬಂದರಿನ ಕೆಸರನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಲ್ಲಿನ ನಲ್ಲಿ ನೀರಿನಲ್ಲಿ ಸುತ್ತಲಿನ ಚಿಲುಮೆ ನೀರಿಗಿಂತ 100 ಪಟ್ಟಿನವರೆಗೂ ಹೆಚ್ಚು ಸೀಸ ಇತ್ತು. ಆದರೆ ಅದು ಜನರಿಗೆ ದೊಡ್ಡ ಹಾನಿ ಮಾಡುವಷ್ಟಿರಲಿಲ್ಲ ಎಂದು ಸಂಶೋಧಕರೇ ಹೇಳಿದ್ದಾರೆ. ಅದೇ ಸೀಸದ ಪೈಪುಗಳಿಂದ ನಡೆಯುತ್ತಿದ್ದ ಕಳ್ಳತನದ ಬಗ್ಗೆ ಮಾತ್ರ ಯಾವ ಫಾರ್ವರ್ಡೂ ಹೇಳುವುದಿಲ್ಲ. ಅದನ್ನು ಹಿಡಿದವನು ಸೆಕ್ಸ್ಟಸ್ ಜೂಲಿಯಸ್ ಫ್ರಾಂಟಿನಸ್.

ಇವನು ಎಂಜಿನಿಯರ್ ಅಲ್ಲ, ದಂಡನಾಯಕ. ಬ್ರಿಟನ್‌ನ ರಾಜ್ಯಪಾಲನಾಗಿ ಈಗಿನ ವೇಲ್ಸ್ ಭಾಗದ ಸಿಲೂರೆಸ್ ಜನರನ್ನು ಸೋಲಿಸಿದ್ದ. ಯುದ್ಧತಂತ್ರದ ಮೇಲೆ ಪುಸ್ತಕ ಬರೆದಿದ್ದ. ಕ್ರಿ.ಶ. 97ರಲ್ಲಿ ಚಕ್ರವರ್ತಿ ನೆರ್ವಾ ಅವನಿಗೆ ರೋಮ್ ನಗರದ ನೀರಿನ ಉಸ್ತುವಾರಿ ಕೊಟ್ಟ. ಆಗ ನಗರಕ್ಕೆ 9 ಕಾಲುವೆಗಳಿಂದ ನೀರು ಬರುತ್ತಿತ್ತು. ಕೈಕೆಳಗಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಅಧಿಕಾರಿಯಾಗಲು ಅವನಿಗೆ ಇಷ್ಟವಿರಲಿಲ್ಲ. ಮೊದಲು ತಾನೇ ಕೆಲಸ ಕಲಿಯಲು ಕುಳಿತ.

ದಫ್ತರದ ಲೆಕ್ಕ ತೆರೆದರೆ ವಿಚಿತ್ರ ಕಂಡಿತು. ಆಗ ನೀರಿನ ಅಳತೆಯ ಮಾನ ಕ್ವಿನೇರಿಯಾ, ಅಂದರೆ ಸುಮಾರು 2.3 ಸೆಂಟಿಮೀಟರ್ ಅಗಲದ ಪೈಪಿನ ಬಾಯಿ. ಕಾಲುವೆಗಳಿಂದ ಬಂದ ನೀರು 12,755 ಕ್ವಿನೇರಿಯಾ, ಹಂಚಿದ್ದು 14,018 ಎಂದು ಬರೆದಿತ್ತು. ಬಾರದ ನೀರನ್ನು ಹಂಚುವುದು ಹೇಗೆ? ಫ್ರಾಂಟಿನಸ್ ಕಾಲುವೆಗಳ ಮೂಲದ ಹತ್ತಿರವೇ ಅಳತೆ ಮಾಡಿಸಿದ. ಮಾರ್ಸಿಯಾ ಕಾಲುವೆಯದು ಪುಸ್ತಕದಲ್ಲಿ 2,162 ಇದ್ದರೆ ಅಳೆದಾಗ ಸಿಕ್ಕಿದ್ದು 4,690. ಒಟ್ಟಾರೆ ಪುಸ್ತಕದಲ್ಲಿ ಇದ್ದದ್ದಕ್ಕಿಂತ ಸುಮಾರು 10,000 ಕ್ವಿನೇರಿಯಾ ಹೆಚ್ಚು ನೀರು ಬರುತ್ತಿತ್ತು. ನಗರದ ಸಾರ್ವಜನಿಕ ತೊಟ್ಟಿಗಳಿಗೆ ಮಾತ್ರ ಅದು ಸರಿಯಾಗಿ ತಲುಪುತ್ತಿರಲಿಲ್ಲ.

ಹೋಗುತ್ತಿದ್ದದ್ದು ಎಲ್ಲಿಗೆ? ದಾರಿಯುದ್ದಕ್ಕೂ ಜಮೀನಿದ್ದವರು ಕಾಲುವೆಯನ್ನೇ ಕೊರೆದು ತೋಟಕ್ಕೆ ಹರಿಸಿಕೊಳ್ಳುತ್ತಿದ್ದರು. ನಗರದೊಳಗೆ ಬೀದಿಯ ಕಲ್ಲುಹಾಸಿನ ಅಡಿ ಸೀಸದ ಪೈಪಿಗೆ ತೂತು ಹಾಕಿ, ಅಂಗಡಿ ಮನೆಗಳಿಗೆ ಗುಟ್ಟಾಗಿ ಲೈನ್ ಎಳೆಯುವವರೇ ಇದ್ದರು. ಆ ಕಳ್ಳ ಪೈಪುಗಳನ್ನು ಕಿತ್ತಾಗ ಸಿಕ್ಕಿದ ಸೀಸವೇ ರಾಶಿಯಾಯಿತು.

ನಮ್ಮ ಕೆರೆಯ ಊರುಗಳ ನೀರಗಂಟಿಗಳ ಹಾಗೆ ಅಲ್ಲೂ ನೀರು ಬಿಡುವ ನೌಕರರಿದ್ದರು. ಅವರ ಜಾಣತನ ಕೇಳಿ: ನೀರು ಪಡೆಯುವ ದೊಡ್ಡ ಪೈಪಿನ ಅಳತೆಯನ್ನು ಹಿಗ್ಗಿಸಿದ್ದರು, ಜನರಿಗೆ ಕೊಡುವ ಸಣ್ಣ ಪೈಪಿನ ಅಳತೆಯನ್ನು ಕುಗ್ಗಿಸಿದ್ದರು. ನಡುವೆ ಉಳಿದದ್ದು ಅವರಿಗೆ. ನೀರಿನ ಹಕ್ಕು ಹೊಸ ಮಾಲೀಕನಿಗೆ ಸಿಕ್ಕಾಗ ತೊಟ್ಟಿಗೆ ಹೊಸ ತೂತು ಕೊರೆದು, ಹಳೆಯದನ್ನು ಮುಚ್ಚದೆ ಅದರ ನೀರನ್ನು ಮಾರಿಕೊಳ್ಳುತ್ತಿದ್ದರು.

ಇದನ್ನು ತಡೆಯುವ ನಿಯಮಗಳು ಪುಸ್ತಕದಲ್ಲಿ ಇದ್ದವು, ಫ್ರಾಂಟಿನಸ್ ಅವುಗಳಿಗೆ ಜೀವ ಕೊಟ್ಟ. ಚಕ್ರವರ್ತಿಯ ಅನುಮತಿ ಪತ್ರವಿಲ್ಲದೆ ನೀರು ಎಳೆಯುವಂತಿಲ್ಲ. ಆ ಅನುಮತಿ ಮಗನಿಗೂ ಬರುವುದಿಲ್ಲ, ಮನೆ ಕೊಂಡವನಿಗೂ ಇಲ್ಲ. ತೊಟ್ಟಿಗೆ ಕೂರಿಸುವ ನಳಿಕೆ ಕಂಚಿನದೇ ಆಗಬೇಕು, ಏಕೆಂದರೆ ಸೀಸ ಮೆತ್ತಗಿದ್ದು ಸುಲಭವಾಗಿ ಅಗಲವಾಗುತ್ತದೆ. ಅದರ ಮೇಲೆ ಸರ್ಕಾರಿ ಮುದ್ರೆ ಬೇಕು, ಮುಂದಿನ 50 ಅಡಿ ಪೈಪಿನ ಅಗಲವೂ ಅಷ್ಟೇ ಇರಬೇಕು. ಬೇಕೆಂದೇ ಕಾಲುವೆ ಕೊರೆದವನಿಗೆ ಕ್ರಿ.ಪೂ. 9ರ ಕಾನೂನಿನ ಪ್ರಕಾರ 1,00,000 ಸೆಸ್ಟರ್ಸ್ ದಂಡ. ಇಲಾಖೆಯಲ್ಲಿ 700 ಗುಲಾಮರಿದ್ದರು, ಅವರಲ್ಲಿ ಅನೇಕರನ್ನು ಮೇಲ್ವಿಚಾರಕರು ಖಾಸಗಿ ಕೆಲಸಕ್ಕೆ ಬಿಟ್ಟಿದ್ದರು. ಅವರನ್ನು ವಾಪಸ್ ಕರೆಸಿ, ದಿನದ ಕೆಲಸವನ್ನು ದಿನವೂ ಬರೆದಿಡುವ ವ್ಯವಸ್ಥೆ ಮಾಡಿದ.

ಆದರೆ ಅವನ ಅಳತೆಯಲ್ಲೇ ಒಂದು ತೂತಿತ್ತು. ಪೈಪ್ ದಪ್ಪ ಇದ್ದಷ್ಟು ನೀರು ಎಂದು ನಾವು ಈಗಲೂ ನಂಬುತ್ತೇವಲ್ಲ, ಕ್ವಿನೇರಿಯಾ ಅಳೆಯುತ್ತಿದ್ದದ್ದೂ ಅಷ್ಟನ್ನೇ. ಅರ್ಧ ಇಂಚಿನ ಪೈಪಿಗಿಂತ ಒಂದು ಇಂಚಿನ ಪೈಪಿನ ಬಾಯಿ 4 ಪಟ್ಟು ದೊಡ್ಡದು, ನಿಜ. ಆದರೆ ಅದೇ ಪೈಪಿನಲ್ಲಿ ಟ್ಯಾಂಕ್ ತುಂಬಿದಾಗ ಒಂದು ಬಕೆಟ್ ಬೇಗ ತುಂಬುತ್ತದೆ, ಖಾಲಿಯಾಗುತ್ತ ಬಂದಾಗ ತಡವಾಗುತ್ತದೆ. ಹರಿವಿನ ವೇಗವನ್ನೂ ಗುಣಿಸಬೇಕು. ವೇಗದಿಂದ ವ್ಯತ್ಯಾಸವಾಗುತ್ತದೆ, ನಳಿಕೆ ಕೆಳಗಿದ್ದರೆ ಹೆಚ್ಚು ನೀರು ಎಳೆಯುತ್ತದೆ ಎಂಬುದು ಫ್ರಾಂಟಿನಸ್‌ಗೆ ಗೊತ್ತಿತ್ತು, ಲೆಕ್ಕಕ್ಕೆ ತರುವ ದಾರಿ ಗೊತ್ತಿರಲಿಲ್ಲ. ಹಾಗಾಗಿ ಅವನು ಕಂಡ 10,000ದ ವ್ಯತ್ಯಾಸವೆಲ್ಲ ಕಳ್ಳತನವೇ ಎಂದು ನಾವು ಹೇಳಲಾರೆವು. ಗೆಲಿಲಿಯೋನ ಶಿಷ್ಯ ಬೆನೆಡೆಟ್ಟೊ ಕಾಸ್ಟೆಲ್ಲಿ 1628ರ ತನ್ನ ಪುಸ್ತಕದಲ್ಲಿ ಇದನ್ನು ಸ್ಪಷ್ಟವಾಗಿ ಬಿಡಿಸಿಟ್ಟ.

ಅಳೆದು ವರದಿ ಕೊಡಿ ಎಂಬ ನಿಯಮ ಇಂದಿಗೂ ಹೊಸದಾಗಿ ಬರುತ್ತಲೇ ಇದೆ. ಬರಗಾಲದ ನಡುವೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2015ರಲ್ಲಿ ಕಾನೂನು ಮಾಡಿತು: ನದಿ ಹಳ್ಳಗಳಿಂದ ವರ್ಷಕ್ಕೆ 10 ಎಕರೆ-ಅಡಿಗಿಂತ, ಅಂದರೆ ಸುಮಾರು 1.23 ಕೋಟಿ ಲೀಟರ್‌ಗಿಂತ ಹೆಚ್ಚು ನೀರು ತಿರುಗಿಸಿಕೊಳ್ಳುವವರು ಅದನ್ನು ಅಳೆದು ವರದಿ ಸಲ್ಲಿಸಬೇಕು.

ಫ್ರಾಂಟಿನಸ್ ಕ್ರಿ.ಶ. 103ರ ಸುಮಾರಿಗೆ ತೀರಿಕೊಂಡ. ತನಗೆ ಸ್ಮಾರಕ ಕಟ್ಟುವುದು ಬೇಡ ಎಂದು ಮೊದಲೇ ತಡೆದಿದ್ದ. ನೀರಿನ ಲೆಕ್ಕದ ಅವನ ಪುಸ್ತಕ ಮಾಂಟೆ ಕ್ಯಾಸಿನೊ ಮಠದಲ್ಲಿ ಉಳಿದಿತ್ತು. 1429ರಲ್ಲಿ ಪೊಜಿಯೊ ಎಂಬ ವಿದ್ವಾಂಸ ಅದನ್ನು ಹುಡುಕಿ ತೆಗೆದ.