ಮಣ್ಣಿನ ಬಂಡಿ, ಮಾತಿಲ್ಲದ ಸಿನಿಮಾ

ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಚಿಂಚೋಳಿ ತಾಲ್ಲೂಕಿನ ಐನಾಪುರ, ಅತ್ತ ಸೇಡಂ, ಚಿತ್ತಾಪುರ, ಆ ಕಡೆಯ ಊರುಗಳಲ್ಲೆಲ್ಲ ಅಂದು ಮಕ್ಕಳ ಕೈಗೆ ಮಣ್ಣು ಹತ್ತಲೇಬೇಕು. ಮಣ್ಣು ನಾದಿ ಜೋಡೆತ್ತು ಮಾಡುತ್ತಾರೆ, ಅವಕ್ಕೊಂದು ಗ್ವಾದಲಿ, ಅಂದರೆ ಮೇವು ಹಾಕುವ ತೊಟ್ಟಿ, ಮಾಡುತ್ತಾರೆ, ಕಣ್ಣಿಗೆ ಜೋಳದ ಕಾಳನ್ನೋ ಗುಲಗಂಜಿಯನ್ನೋ ಒತ್ತುತ್ತಾರೆ. ಕಾಲು ಮುರಿದ ಎತ್ತನ್ನೂ ಯಾರೂ ಬಿಸಾಡುವುದಿಲ್ಲ. ಅದನ್ನು ಹಲಗೆಯ ಮೇಲಿಟ್ಟುಕೊಂಡು ಮನೆಮನೆಗೆ ಹೋಗಿ, ಕುಂಟೆತ್ತಿನ ಹೆಸರಲ್ಲಿ ಜೋಳ ಬೇಡಿ ತರುವುದೇ ಒಂದು ಸಂಭ್ರಮ. ಹೊರದೇಶದಲ್ಲಿ ಹುಟ್ಟಿ ಬೆಳೆದ ಮಕ್ಕಳು ಇದನ್ನು ನೋಡಿರಲಿಕ್ಕಿಲ್ಲ. ಆದರೆ ಅವರ ಅಜ್ಜ-ಅಜ್ಜಿಯನ್ನು ಕೇಳಿದರೆ, ತಾವು ಮಾಡಿದ ಎತ್ತಿನ ಕೊಂಬು ಹೇಗಿತ್ತು ಎಂಬುದನ್ನೂ ಮರೆಯದೆ ಹೇಳುತ್ತಾರೆ.

ಮಣ್ಣಿನ ಎತ್ತು ಗೊತ್ತಿರುವವರಿಗೆ ಮಣ್ಣಿನ ಬಂಡಿಯ ಕಥೆ ಬೇಗ ಹಿಡಿಸುತ್ತದೆ. ಅದು ಶೂದ್ರಕ ಎಂಬ ಕವಿ ಬಹಳ ಹಿಂದೆ ಸಂಸ್ಕೃತದಲ್ಲಿ ಬರೆದ ‘ಮೃಚ್ಛಕಟಿಕ’ ನಾಟಕ. ಹೆಸರಿನ ಅರ್ಥವೇ ಮಣ್ಣಿನ ಪುಟ್ಟ ಬಂಡಿ. ಉಜ್ಜಯಿನಿಯ ಚಾರುದತ್ತ ಒಂದು ಕಾಲಕ್ಕೆ ಸಿರಿವಂತ. ಕೇಳಿದವರಿಗೆಲ್ಲ ಕೊಟ್ಟೂ ಕೊಟ್ಟೂ ಬಡವನಾದವನು. ಅವನ ಮಗ ರೋಹಸೇನ ಪಕ್ಕದ ಮನೆಯ ಹುಡುಗನ ಬಂಗಾರದ ಬಂಡಿಯ ಜೊತೆ ಆಡಿದ್ದಾನೆ. ಆ ಹುಡುಗ ತನ್ನ ಬಂಡಿಯನ್ನು ಒಯ್ದ ಮೇಲೆ ಮನೆಯ ದಾಸಿ ಇವನಿಗೆ ಮಣ್ಣಿನದೊಂದು ಮಾಡಿಕೊಟ್ಟರೆ, ಅದು ಬೇಡವೆಂದು ಅಳುತ್ತಾನೆ. ಆ ಹೊತ್ತಿಗೆ ವಸಂತಸೇನೆ ಅಲ್ಲಿರುತ್ತಾಳೆ. ಊರಿಗೆಲ್ಲ ಹೆಸರಾದ ಗಣಿಕೆ, ಮೈತುಂಬ ಒಡವೆ. ಇವಳೂ ನಿನಗೆ ತಾಯಿಯೇ ಎಂದು ದಾಸಿ ಹೇಳಿದರೆ ಹುಡುಗ ನಂಬುವುದಿಲ್ಲ. ತಾಯಿಯಾಗಿದ್ದರೆ ಇಷ್ಟೊಂದು ಒಡವೆ ಎಲ್ಲಿಂದ ಬರಬೇಕು ಎಂಬುದು ಅವನ ಪ್ರಶ್ನೆ. ಅವನು ಕಂಡ ತಾಯಿಯ ಕೈ ಕೊರಳು ಬರಿದಾಗಿದ್ದವು. ವಸಂತಸೇನೆ ಅಳುತ್ತಲೇ ಒಡವೆಗಳನ್ನು ಒಂದೊಂದಾಗಿ ಕಳಚಿ ಆ ಮಣ್ಣಿನ ಬಂಡಿಯಲ್ಲಿ ತುಂಬುತ್ತಾಳೆ. ಮುಂದೆ ಇವೇ ಒಡವೆಗಳು ಚಾರುದತ್ತನನ್ನು ವಧಾಸ್ಥಾನದ ಹತ್ತಿರ ಒಯ್ಯುತ್ತವೆ, ಆಮೇಲೆ ಎಲ್ಲ ಸುಖವಾಗಿ ಮುಗಿಯುತ್ತದೆ. ಆದರೆ ಓದಿದವರ ಮನಸ್ಸಿನಲ್ಲಿ ಕೊನೆಯವರೆಗೆ ನಿಲ್ಲುವುದು ಆ ಬಂಡಿಯೇ.

1931ರ ಹೊತ್ತಿಗೆ ಈ ಕಥೆ ಸಿನಿಮಾ ಆಯಿತು. ಕನ್ನಡದ ಮೂಕಿ ಚಿತ್ರಗಳ ಮಾತು ಬಂದಾಗ ಮೊದಲು ಕೇಳಿಬರುವ ಹೆಸರುಗಳಲ್ಲಿ ಇದೂ ಒಂದು. ‘ವಸಂತಸೇನಾ’ ಎಂಬ ಹೆಸರೂ ಇದಕ್ಕಿದೆ. ನಿರ್ದೇಶಿಸಿದವರು ಮೋಹನ್ ದಯಾರಾಮ್ ಭವನಾನಿ. ಸಿಂಧ್ ಪ್ರಾಂತದಲ್ಲಿ ಹುಟ್ಟಿ ಜರ್ಮನಿಯಲ್ಲಿ ಚಿತ್ರ ತಯಾರಿಕೆ ಕಲಿತು ಬಂದವರು. ನಾಯಕಿ ಏಣಾಕ್ಷಿ ರಾಮರಾವ್. ಜೊತೆಗೆ ನಟಿಸಿದವರು ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ.

ಇಂದು ನಮ್ಮ ದೇಶದ ಕೈಕಸುಬುಗಳ ಮಾತು ಬಂದರೆ ಕಮಲಾದೇವಿಯವರ ಹೆಸರು ತಪ್ಪದೆ ಬರುತ್ತದೆ. ಅವರು ಸಿನಿಮಾ ಕ್ಯಾಮೆರಾದ ಮುಂದೆ ನಿಂತದ್ದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಆ ನಿಲುವಿಗೆ ಎಷ್ಟು ಧೈರ್ಯ ಬೇಕಿತ್ತು ಎಂದು ತಿಳಿಯಬೇಕಾದರೆ 1913ಕ್ಕೆ ಹೋಗಬೇಕು. ದಾದಾಸಾಹೇಬ್ ಫಾಲ್ಕೆ ‘ರಾಜಾ ಹರಿಶ್ಚಂದ್ರ’ ತೆಗೆಯುವಾಗ ತಾರಾಮತಿಯ ಪಾತ್ರಕ್ಕೆ ಒಬ್ಬ ಹೆಂಗಸೂ ಸಿಗಲಿಲ್ಲ. ಕೊನೆಗೆ ಸಾಳುಂಕೆ ಎಂಬ ಹುಡುಗನೇ ಸೀರೆಯುಟ್ಟು ರಾಣಿಯಾದ. ಮನೆತನಸ್ಥ ಹೆಣ್ಣುಮಕ್ಕಳು ಬಣ್ಣ ಹಚ್ಚುವುದು ಮರ್ಯಾದೆಗೇಡು ಎನ್ನುವ ಮಾತು ಹದಿನೆಂಟು ವರ್ಷದ ಮೇಲೂ ಹಾಗೆಯೇ ಇತ್ತು. ಕಲೆಕ್ಟರರ ಮಗಳು, ಓದಿದಾಕೆ, ದೇಶವೇ ಬಲ್ಲ ಹೋರಾಟಗಾರ್ತಿ ಸಿನಿಮಾಕ್ಕೆ ಬಂದರು ಎಂದಾಗ ಆ ಮಾತಿನ ಬಲ ಒಂದಷ್ಟು ಮುರಿಯಿತು.

ಮೂಕಿ ಚಿತ್ರ ಎಂದರೆ ನಟರು ಬಾಯಿ ಮುಚ್ಚಿಕೊಂಡಿರುತ್ತಿದ್ದರು ಎಂದಲ್ಲ. ಮಾತಾಡುತ್ತಿದ್ದರು, ತುಟಿ ಆಡುತ್ತಿತ್ತು, ದನಿ ಮಾತ್ರ ಫಿಲ್ಮಿನಲ್ಲಿ ಮೂಡುತ್ತಿರಲಿಲ್ಲ. ನಡುನಡುವೆ ತೆರೆಯ ಮೇಲೆ ಬರಹದ ಫಲಕ ಬರುತ್ತಿತ್ತು. ನೋಡಲು ಬಂದವರಲ್ಲಿ ಓದು ಬಲ್ಲವರು ಕಡಿಮೆ. ಹಾಗಾಗಿ ಒಬ್ಬಾತ ತೆರೆಯ ಪಕ್ಕದಲ್ಲಿ ನಿಂತು, ಆ ಊರಿನ ಮಾತಿನಲ್ಲೇ, ಗಟ್ಟಿಯಾಗಿ ಕಥೆ ಹೇಳುತ್ತಿದ್ದ. ಹಾರ್ಮೋನಿಯಂ ತಬಲಾ ಪಕ್ಕದಲ್ಲೇ. ಆ ಕಾಲದ ಬಹಳಷ್ಟು ಫಿಲ್ಮಿಗೆ ಕೆಂಪು ಬಣ್ಣ ಕಪ್ಪಾಗಿಯೇ ಕಾಣುತ್ತಿತ್ತು. ಹಣೆಯ ಕುಂಕುಮ ತೆರೆಯ ಮೇಲೆ ಕಾಡಿಗೆಯ ಬೊಟ್ಟು. ಮಾತಿಲ್ಲ, ಬಣ್ಣವಿಲ್ಲ. ಉಳಿದದ್ದು ಕಣ್ಣು, ಕೈ, ನಡೆ. ಯಕ್ಷಗಾನ, ದೊಡ್ಡಾಟ ಕಂಡ ನಮ್ಮ ಜನಕ್ಕೆ ಅದು ತೀರ ಹೊಸದೇನಲ್ಲ.

ಹೊರದೇಶದಲ್ಲಿ, ಅದರಲ್ಲೂ ಜರ್ಮನಿಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಇಲ್ಲೊಂದು ಹತ್ತಿರದ ಹೆಸರಿದೆ: ಹೆನ್ನಿ ಪೋರ್ಟನ್. 1890ರಲ್ಲಿ ಮಾಗ್ಡೆಬುರ್ಗ್‌ನಲ್ಲಿ ಹುಟ್ಟಿ, ಜರ್ಮನಿಯ ಮೂಕಿ ಚಿತ್ರಗಳ ಮೊದಲ ದೊಡ್ಡ ತಾರೆಯಾದಾಕೆ. ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಗಂಡ ಯಹೂದಿ ಮನೆತನದ ವೈದ್ಯರು. ನಾಜಿಗಳ ಆಳ್ವಿಕೆ ಬಂದಾಗ ಆತನನ್ನು ಬಿಟ್ಟುಬಿಡು ಎಂಬ ಒತ್ತಡಕ್ಕೆ ಹೆನ್ನಿ ಮಣಿಯಲಿಲ್ಲ. ಸಿನಿಮಾ ಅವಕಾಶಗಳು ಕೈತಪ್ಪಿದರೂ ಗಂಡನ ಕೈ ಬಿಡಲಿಲ್ಲ. ತೆರೆಯ ಮೇಲಿನ ಹೆಸರಿಗಿಂತ ದೊಡ್ಡದೊಂದನ್ನು ಆರಿಸಿಕೊಂಡ ಆ ನಟಿಯ ಬದುಕನ್ನು ಓದುವಾಗ ಕಮಲಾದೇವಿ ನೆನಪಾಗುತ್ತಾರೆ.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಸಾರಸ್ವತ ಮನೆಯಲ್ಲಿ. ತಂದೆ ಅನಂತಯ್ಯ ಧಾರೇಶ್ವರ, ತಾಯಿ ಗಿರಿಜಾಬಾಯಿ. ಕಮಲಾದೇವಿಗೆ ಏಳು ವರ್ಷವಾದಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ, ಅಂದಿನ ಕಾಯಿದೆಯಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ-ಮಗಳಿಗೆ ತಿಂಗಳಿಗಿಷ್ಟೆಂದು ಹಣ ಕೊಡುವ ಮಾತು ಬಂದರೆ ಗಿರಿಜಾಬಾಯಿ ಬೇಡವೆಂದರು. ತವರಿನಿಂದ ಬಂದದ್ದರಲ್ಲೇ ಮಗಳನ್ನು ಸಾಕಿದರು, ಓದಿಸಿದರು. ಹದಿನಾಲ್ಕಕ್ಕೆ ಕಮಲಾದೇವಿಯ ಮದುವೆಯಾಯಿತು, ಎರಡೇ ವರ್ಷದಲ್ಲಿ ಗಂಡ ತೀರಿಹೋದರು. ಆ ವಯಸ್ಸಿನ ವಿಧವೆಯನ್ನು ಮೂಲೆಗೆ ಕೂರಿಸುತ್ತಿದ್ದ ಕಾಲವದು. ಈ ಹುಡುಗಿ ಮದ್ರಾಸಿನ ಕ್ವೀನ್ ಮೇರಿಸ್ ಕಾಲೇಜಿಗೆ ಹೋದಳು. ಅಲ್ಲಿದ್ದಾಗಲೇ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥರ ಪರಿಚಯವಾಗಿ, ಜನ ಏನೆಂದರೂ ಕೇಳದೆ ಅವರನ್ನು ಮದುವೆಯಾದಳು. ಗಂಡ-ಹೆಂಡತಿ ಸೇರಿ ನಾಟಕ ಆಡಿದರು; ಸಿನಿಮಾಕ್ಕೆ ಬರುವ ಮೊದಲೇ ರಂಗದ ಮೇಲೆ ಕಾಲು ಗಟ್ಟಿಯಾಗಿತ್ತು.

ಸರೋಜಿನಿಯವರ ಮನೆ ಹೈದರಾಬಾದಿನಲ್ಲಿ. ಐನಾಪುರದವರಿಗೂ ಅಂದಿನ ರಾಜಧಾನಿ ಹೈದರಾಬಾದೇ, ಏಕೆಂದರೆ ಚಿಂಚೋಳಿ, ಸೇಡಂ, ಚಿತ್ತಾಪುರವೆಲ್ಲ ನಿಜಾಮರ ಆಳ್ವಿಕೆಯಲ್ಲಿದ್ದವು. ಮಂಗಳೂರು ಮದ್ರಾಸ್ ಪ್ರಾಂತದಲ್ಲಿತ್ತು. ಮಾತು ಒಂದೇ ಕನ್ನಡ, ಆಳುವವರು ಬೇರೆ ಬೇರೆ. ಮುಂಬಯಿಯಿಂದ ಹೈದರಾಬಾದಿಗೆ ಹೋಗುವ ರೈಲು ಶಹಾಬಾದ್ ದಾಟಿ, ವಾಡಿಯಲ್ಲಿ ಹೊರಳಿ, ಚಿತ್ತಾಪುರ, ಸೇಡಂ ಮೇಲೆಯೇ ಸಾಗುತ್ತದೆ. ಮದ್ರಾಸಿನ ಗಾಡಿಗೂ ವಾಡಿ ತಪ್ಪುವುದಿಲ್ಲ. ಎರಡು ಹಳಿಗಳು ಕೂಡುವ ಆ ಜಂಕ್ಷನ್ ನಮ್ಮ ಕಡೆಯ ಜನ ಮುಂಬಯಿಗೂ, ಅಲ್ಲಿಂದ ಹೊರದೇಶಕ್ಕೂ ಹೊರಟ ಬಾಗಿಲು.

1929ರಲ್ಲಿ ಬರ್ಲಿನ್ನಿನಲ್ಲಿ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನ. ಭಾರತದ ಹೆಣ್ಣುಮಕ್ಕಳ ಜೊತೆ ಕಮಲಾದೇವಿಯೂ ಹೋಗಿದ್ದರು. ಒಂದೊಂದು ದೇಶಕ್ಕೆ ಒಂದೊಂದು ಬಾವುಟ. ಇವರಿಗೆ ಮಾತ್ರ ಬ್ರಿಟಿಷರ ಬಾವುಟದ ನೆರಳು. ಅದನ್ನು ಒಪ್ಪದೆ, ಉಟ್ಟು ತಂದ ಸೀರೆಗಳಿಂದಲೇ ಬಟ್ಟೆ ಹರಿದು ನಮ್ಮದೇ ಬಾವುಟ ಹೊಲಿದರು. ಮಾರನೆಯ ವರ್ಷ ಉಪ್ಪಿನ ಸತ್ಯಾಗ್ರಹ. ದಂಡಿಗೆ ನಡೆದ ದಂಡಿನಲ್ಲಿ ಗಾಂಧೀಜಿ ಹೆಂಗಸರನ್ನು ಸೇರಿಸಿಕೊಂಡಿರಲಿಲ್ಲ. ಕಮಲಾದೇವಿ ಅವರನ್ನೇ ಕಂಡು, ಹೆಂಗಸರನ್ನು ಹೊರಗಿಡಬಾರದೆಂದು ವಾದಿಸಿ ಒಪ್ಪಿಸಿದರು. ಮುಂಬಯಿಯ ಚೌಪಾಟಿ ಕಡಲ ದಂಡೆಯಲ್ಲಿ ಒಲೆ ಹೂಡಿ ಸಮುದ್ರದ ನೀರು ಕಾಯಿಸಿ ಉಪ್ಪು ಮಾಡಿದರು, ಪೊಟ್ಟಣ ಕಟ್ಟಿ ಮಾರಿದರು. ಹೈಕೋರ್ಟಿಗೇ ಹೋಗಿ, ಈ ಸ್ವಾತಂತ್ರ್ಯದ ಉಪ್ಪು ಕೊಳ್ಳುತ್ತೀರಾ ಎಂದು ಕೇಳಿದರು. ಜೈಲು ಕಂಡರು. ಈ ಓಡಾಟದ ವರ್ಷಗಳಲ್ಲೇ ‘ಮೃಚ್ಛಕಟಿಕ’ವೂ ತೆರೆಗೆ ಬಂತು ಎಂದರೆ, ಅವರ ಮಟ್ಟಿಗೆ ನಟನೆ ಹವ್ಯಾಸವಾಗಿರಲಿಲ್ಲ ಎಂದೇ ತಿಳಿಯಬೇಕು. ಹೆಣ್ಣುಮಕ್ಕಳಿಗೆ ಮುಚ್ಚಿದ್ದ ಬಾಗಿಲುಗಳಲ್ಲಿ ಅದೂ ಒಂದು.

ಆ ಹೊತ್ತಿಗೆ ಮೂಕಿಯ ಕಾಲವೇ ಮುಗಿಯುತ್ತ ಬಂದಿತ್ತು. 1931ರ ಮಾರ್ಚ್ 14ರಂದು ‘ಆಲಂ ಆರಾ’ ಮಾತಾಡಿತು; 1934ರ ಮಾರ್ಚ್ 3ರಂದು ‘ಸತಿ ಸುಲೋಚನಾ’ ಬಿಡುಗಡೆಯಾಗಿ ಕನ್ನಡವೂ ಮಾತಾಡಿತು.

ಸ್ವಾತಂತ್ರ್ಯ ಬಂದ ಮೇಲೆ ಕಮಲಾದೇವಿ ಮಂತ್ರಿ ಪದವಿಯ ಹಿಂದೆ ಹೋಗಲಿಲ್ಲ. ಕುಂಬಾರ, ನೇಕಾರ, ಬಡಿಗ, ಕಂಚುಗಾರರ ಮನೆಗಳಿಗೆ ಹೋದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿದಾಗ ಅದರ ಹೊಣೆ ಹೊತ್ತು, ಊರೂರು ತಿರುಗಿ, ಅಳಿದುಹೋಗುತ್ತಿದ್ದ ಕೈಕೆಲಸಗಳನ್ನು ಹುಡುಕಿದರು. ಕಾರ್ಖಾನೆಯ ಅಗ್ಗದ ಮಾಲಿನೆದುರು ಸೋತ ಕುಶಲಕರ್ಮಿಗೆ ಕನಿಕರ ಸಾಲದು, ಕೊಳ್ಳುವವರು ಬೇಕು ಎಂದು ಮಾರುಕಟ್ಟೆ ಕಟ್ಟಿದರು.

ಅಂಥ ಕೈಕೆಲಸ ಎಂಥದು ಎಂದು ನೋಡಲು ಐನಾಪುರದಿಂದ ದೂರ ಹೋಗಬೇಕಿಲ್ಲ, ನೆರೆಯ ಬೀದರಿಗೆ ಹೋದರೆ ಸಾಕು. ಬಿದರಿ ಹೂಜಿಯನ್ನು ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಮೇಲ್ಮೈಯನ್ನು ಉಳಿಯಿಂದ ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಇಷ್ಟಾದರೂ ಹೂಜಿ ಬೂದುಬಣ್ಣದ್ದೇ. ಬೆಳ್ಳಿ ಯಾವುದು, ಸತು ಯಾವುದು ಎಂದು ಕಣ್ಣಿಗೆ ತಿಳಿಯದು. ಆಗ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಕಲಸಿ, ಕಾಯಿಸಿ, ಹೂಜಿಗೆ ಹಚ್ಚುತ್ತಾರೆ. ಲೋಹವೆಲ್ಲ ಇದ್ದಿಲಿನಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬಣ್ಣ ಬದಲಿಸದೆ, ಹೂಬಳ್ಳಿಯಾಗಿ ಎದ್ದು ಕಾಣುತ್ತದೆ. ಎಷ್ಟು ಬೆಳ್ಳಿ ಬಡಿದರೂ ಆ ಹಿಡಿ ಮಣ್ಣು ಇಲ್ಲದೆ ಬಿದರಿ ಇಲ್ಲ.

1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ. 1988ರ ಅಕ್ಟೋಬರ್ 29ರಂದು ಕಮಲಾದೇವಿ ತೀರಿಕೊಂಡರು.

ನಮ್ಮ ದೇಶದಲ್ಲಿ ತಯಾರಾದ ಮೂಕಿ ಚಿತ್ರಗಳು ಸಾವಿರ ದಾಟಿದ್ದವು. ಇಂದು ಕೈಗೆ ಸಿಗುವುದು ಬಹಳ ಕಡಿಮೆ. ಆ ಫಿಲ್ಮು ಬೇಗ ಹೊತ್ತಿಕೊಳ್ಳುವಂಥದ್ದು, ಇಟ್ಟಲ್ಲೇ ಕೊಳೆಯುವಂಥದ್ದು. ಒಳಗಿನ ಬೆಳ್ಳಿಗಾಗಿ ಕರಗಿಸಿದವೂ ಇವೆ. ಉಳಿದವುಗಳಲ್ಲಿ ಒಂದು ‘ಶಿರಾಜ್’. 1928ರಲ್ಲಿ ಹಿಮಾಂಶು ರಾಯ್ ಮತ್ತು ಮ್ಯೂನಿಕ್‌ನ ನಿರ್ದೇಶಕ ಫ್ರಾಂಜ್ ಓಸ್ಟನ್ ಸೇರಿ ಮಾಡಿದ ತಾಜಮಹಲಿನ ಕಥೆ, ಜರ್ಮನಿ-ಇಂಗ್ಲೆಂಡ್-ಭಾರತ ಕೂಡಿ ತೆಗೆದದ್ದು. ಅದರಲ್ಲಿ ಮುಮ್ತಾಜ್ ಆದವರು ಇದೇ ಏಣಾಕ್ಷಿ ರಾಮರಾವ್. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಅದನ್ನು ಶುಚಿಗೊಳಿಸಿ 2017ರಲ್ಲಿ ಮತ್ತೆ ತೆರೆಗೆ ತಂದಿತು. ಸಂಗೀತ ಅನೌಷ್ಕಾ ಶಂಕರ್ ಅವರದು.

ರಜೆಯಲ್ಲಿ ಊರಿನಿಂದ ಅಜ್ಜಿ ಬಂದಿದ್ದರೆ ಒಂದು ಸಂಜೆ ಮನೆಯಲ್ಲಿ ‘ಶಿರಾಜ್’ ಹಾಕಬಹುದು. ಹತ್ತು ನಿಮಿಷ ಟಿವಿಯ ದನಿ ಪೂರ್ತಿ ಇಳಿಸಿ, ಬರಹದ ಫಲಕ ಬಂದಾಗಲೆಲ್ಲ ಮೊಮ್ಮಕ್ಕಳು ಅಜ್ಜಿಗೆ ಅದರ ಅರ್ಥ ಹೇಳಬೇಕು. ಅಜ್ಜಿ ಅದನ್ನು ಐನಾಪುರದ ಮಾತಿನಲ್ಲಿ, ಗಟ್ಟಿ ದನಿಯಲ್ಲಿ, ತಮಗೆ ತೋಚಿದಷ್ಟು ಸೇರಿಸಿ ಹೇಳಬೇಕು.