ಕಲ್ಲಿನಲ್ಲಿ ಮರದ ವಂಶಾವಳಿ ಓದಿದ ಬೀರಬಲ್ ಸಾಹ್ನಿ

ನಾನು ಇತಿಹಾಸದ ವಿದ್ಯಾರ್ಥಿ. ರೋಹತಕದ ಖೋಕ್ರಾಕೋಟ್ ದಿಬ್ಬದಲ್ಲಿ 1936ರಲ್ಲಿ ದೊರೆತ ಯೌಧೇಯರ ನಾಣ್ಯದ ಅಚ್ಚುಗಳ ವಿಷಯ ಓದುವಾಗ ಬೀರಬಲ್ ಸಾಹ್ನಿ ಎಂಬ ಹೆಸರು ಮೊದಲು ಕಣ್ಣಿಗೆ ಬಿತ್ತು. ಪ್ರಾಚೀನ ಭಾರತದಲ್ಲಿ ನಾಣ್ಯ ಎರಕ ಹೊಯ್ಯುತ್ತಿದ್ದ ಬಗೆಯನ್ನು ಕುರಿತು 1945ರಲ್ಲಿ ಬರೆದ ಈತ ಯಾರೋ ಇತಿಹಾಸದ ಪ್ರಾಧ್ಯಾಪಕರಿರಬೇಕೆಂದುಕೊಂಡೆ. ವಿಚಾರಿಸಿದಾಗ ತಿಳಿಯಿತು, ಅವರು ಲಖನೌ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕರು! ಅವರ ಮುಖ್ಯ ಕಸುಬು ಕಲ್ಲಾಗಿಹೋದ ಮರಗಳನ್ನು ಓದುವುದು.

ಸಾಹ್ನಿಯವರು ಹುಟ್ಟಿದ್ದು 1891ರ ನವೆಂಬರ್ 14ರಂದು, ಈಗ ಪಾಕಿಸ್ತಾನಕ್ಕೆ ಸೇರಿರುವ ಭೇರಾ ಊರಿನಲ್ಲಿ. ತಂದೆ ರುಚಿರಾಮ್ ಸಾಹ್ನಿ ಲಾಹೋರಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಮನೆತನದ ಸಂಪತ್ತು ಕರಗಿದ ಮೇಲೆ, ಈ ರುಚಿರಾಮರು ಪುಸ್ತಕದ ಗಂಟನ್ನು ಬೆನ್ನಿಗೆ ಕಟ್ಟಿಕೊಂಡು ದೇರಾ ಇಸ್ಮಾಯಿಲ್ ಖಾನ್‌ನಿಂದ ಝಂಗ್‌ವರೆಗೆ ಓದಲೆಂದು ನಡೆದೇ ಹೋದವರಂತೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದ್ದರಿಂದ ಮಗನ ಚರಿತ್ರೆಯಲ್ಲಿ ತಂದೆಯ ಈ ನಡಿಗೆ ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತಿತು. ಆ ತಂದೆ ಮಕ್ಕಳನ್ನು ಹಿಮಾಲಯದಲ್ಲಿ ಕಾಲ್ನಡಿಗೆಯಲ್ಲಿ ಕರೆದೊಯ್ಯುತ್ತಿದ್ದರು. ಬಾಲಕ ಬೀರಬಲ್ ಗಿಡ ಕೂಡಿಹಾಕಲು ಕಲಿತದ್ದು ಅಲ್ಲಿಯೇ.

1911ರಲ್ಲಿ ಪದವಿ ಪಡೆದು ಕೇಂಬ್ರಿಜ್‌ಗೆ ಹೋದರು. ಸೀವರ್ಡ್ ಎಂಬ ವಿದ್ವಾಂಸರ ಶಿಷ್ಯರಾದರು. ಗಿಂಕ್ಗೊ ಮರದ ಅಂಡಕದೊಳಗೆ ಬೇರೆ ಜಾತಿಯ ಗಿಡದ ಪರಾಗ ಸೇರಿಕೊಂಡಿದ್ದುದನ್ನು ಕಂಡು 1915ರಲ್ಲಿ ಲೇಖನ ಬರೆದರು. ಸಣ್ಣ ಸಂಗತಿಯೆನಿಸಬಹುದು. ಆದರೆ ಪಳೆಯುಳಿಕೆಯ ಬೀಜದಲ್ಲಿ ಪರಾಗ ಕಂಡರೆ ಎರಡೂ ಒಂದೇ ಗಿಡದವೆಂದು ಹೇಳುವಂತಿಲ್ಲ ಎಂಬ ಎಚ್ಚರಿಕೆ ಅದರಲ್ಲಿದೆ. ಸಾಕ್ಷ್ಯವನ್ನು ಹೀಗೆ ಅನುಮಾನಿಸಿ ನೋಡುವುದು ಇತಿಹಾಸ ಓದುವ ನಮಗೂ ಬೇಕಾದ ಗುಣ.

ಪೈನ್, ದೇವದಾರುಗಳಂಥ ಶಂಕುಧಾರಿ ಮರಗಳ ವಂಶ 30 ಕೋಟಿ ವರ್ಷಗಳಿಗೂ ಹಳೆಯದು. ಇವುಗಳ ಎಲೆ ಒಂದೆಡೆ, ಕಾಯಿ ಒಂದೆಡೆ, ಕಾಂಡ ಒಂದೆಡೆ ಕಲ್ಲಾಗಿ ಸಿಕ್ಕುತ್ತವೆ. ಒಂದೇ ಮರದ ಚೂರುಗಳಿಗೆ ಮೂರು ಹೆಸರು ಬೀಳುವುದೂ ಉಂಟು. ಭಾರತದ ಕಲ್ಲುಗಳಲ್ಲಿ ದೊರೆತ ಶಂಕುಧಾರಿಗಳನ್ನು ಹಿಂದೆ ಫೈಸ್ಟ್‌ಮಾಂಟೆಲ್ ಮೊದಲಾದವರು ವಿವರಿಸಿದ್ದರು. ಅವನ್ನೆಲ್ಲ ಸಾಹ್ನಿಯವರು ಹೊಸದಾಗಿ ಪರೀಕ್ಷಿಸಿ 1928ರಲ್ಲಿ ಒಂದು, 1931ರಲ್ಲಿ ಇನ್ನೊಂದು ಸಂಪುಟ ಹೊರತಂದರು. ಬಾಲ್ಯದಲ್ಲಿ ಹಿಮಾಲಯದ ಪೈನ್ ಮರಗಳ ನಡುವೆ ಅಲೆದವರಿಗೆ ಈ ಹಳೆಯ ಕಲ್ಲುಗಳಲ್ಲಿ ಕಂಡದ್ದು ಬೇರೆಯೇ ಬಳಗ. ಭಾರತ ದಕ್ಷಿಣದ ಗೊಂಡ್ವಾನ ಭೂಖಂಡಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ ಇಲ್ಲಿ ಬೆಳೆದವು ಪೊಡೊಕಾರ್ಪಸ್, ಅರಾಕೇರಿಯಾಗಳ ನೆಂಟರು.

ರಾಜಮಹಲ್ ಬೆಟ್ಟಗಳ ನಿಪಾನಿಯಾದಲ್ಲಿ ಸಿಕ್ಕ ಗಿಡವೊಂದು ಇನ್ನೂ ಕೌತುಕದ್ದು. ಅದರ ಕಟ್ಟಿಗೆ ಶಂಕುಧಾರಿಯಂತೆ, ಎಲೆ ಸೈಕಾಸ್ ಬಳಗದಂತೆ! ಬಿಡಿ ಬಿಡಿಯಾಗಿದ್ದ ಕಾಂಡ, ಎಲೆ, ಕಾಯಿಗಳನ್ನು ಹೊಂದಿಸಿ 1948ರಲ್ಲಿ ಪೆಂಟಾಕ್ಸೈಲಿ ಎಂಬ ಹೊಸ ಗುಂಪನ್ನೇ ಅವರು ನಿರೂಪಿಸಿದರು.

ಅವರ ಎಲ್ಲ ತೀರ್ಪುಗಳೂ ನಿಂತವೆಂದಲ್ಲ. ಟ್ಯಾಕ್ಸಸ್ ಮರಕ್ಕೆ ಶಂಕುವಿಲ್ಲ. ಒಂಟಿ ಬೀಜ, ಸುತ್ತ ಕೆಂಪು ಮಾಂಸಲ ಬಟ್ಟಲು. ಇದನ್ನು ಶಂಕುಧಾರಿಗಳಿಂದ ಬೇರೆ ಮಾಡಬೇಕೆಂದು 1920ರಲ್ಲಿ ವಾದಿಸಿದರು. ಸ್ವೀಡನ್ನಿನ ಫ್ಲೋರಿನ್‌ರಂಥ ದೊಡ್ಡ ವಿದ್ವಾಂಸರೂ ಮುಂದೆ ಹಾಗೆಯೇ ಹೇಳಿದರು. ಈಗ ಡಿ.ಎನ್.ಎ. ಪರೀಕ್ಷೆಯು ಟ್ಯಾಕ್ಸಸನ್ನು ಮತ್ತೆ ಶಂಕುಧಾರಿಗಳ ನಡುವೆಯೇ ಕೂರಿಸಿದೆ. ಇದರಿಂದ ಸಾಹ್ನಿಯವರು ನನ್ನ ದೃಷ್ಟಿಯಲ್ಲಿ ಕಿರಿದಾಗಲಿಲ್ಲ. ಆ ಕಾಲದ ಸಾಧನಗಳಿಂದ ಅವರು ನೋಡಿದ್ದು ಅಷ್ಟು ಸೂಕ್ಷ್ಮವಾಗಿಯೇ.

1936ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ಆದರೆ ಅವರಿಗಿದ್ದ ಹಂಬಲ ಪುರಾತನ ಸಸ್ಯಗಳಿಗೇ ಮೀಸಲಾದ ಒಂದು ಸಂಸ್ಥೆ. ಅದಕ್ಕಾಗಿ ತಮ್ಮ ಹಣ, ಆಸ್ತಿ, ಪುಸ್ತಕ, ಕೂಡಿಟ್ಟ ಪಳೆಯುಳಿಕೆಗಳನ್ನೆಲ್ಲ ದಂಪತಿಗಳು ಕೊಟ್ಟುಬಿಟ್ಟರು. 1949ರ ಏಪ್ರಿಲ್ 3ರಂದು ನೆಹರೂ ಅವರು ಲಖನೌದಲ್ಲಿ ಶಂಕುಸ್ಥಾಪನೆ ಮಾಡಿದರು. ಆ ಶಿಲೆಯಲ್ಲಿಯೂ ಪಳೆಯುಳಿಕೆಗಳನ್ನು ಕೂರಿಸಲಾಗಿತ್ತು. ಒಂದೇ ವಾರ! ಏಪ್ರಿಲ್ 10ರಂದು ಹೃದಯಾಘಾತದಿಂದ ಸಾಹ್ನಿಯವರು ತೀರಿಕೊಂಡರು. ಗೋಡೆ ಏಳುವುದನ್ನು ಅವರು ಕಾಣಲಿಲ್ಲ. ಪತ್ನಿ ಸಾವಿತ್ರಿಯವರು ಸಂಸ್ಥೆಯ ಹೊಣೆ ಹೊತ್ತರು. 1953ರಲ್ಲಿ ಕಟ್ಟಡದ ಬಾಗಿಲು ತೆರೆಯಿತು.