ಪತ್ತೇದಾರ ಮೇಗ್ರೆಯನ್ನು ಸೃಷ್ಟಿಸಿದ ವಲಸಿಗ

ಫ್ರೆಂಚ್ ಪತ್ತೇದಾರಿ ಸಾಹಿತ್ಯಕ್ಕೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. 1860ರ ದಶಕದಲ್ಲಿ ಎಮಿಲ್ ಗಬೋರಿಯೊ ಸೃಷ್ಟಿಸಿದ ಪೊಲೀಸ್ ಅಧಿಕಾರಿ ಲೆಕಾಕ್, 1905ರಲ್ಲಿ ಮೊರಿಸ್ ಲೆಬ್ಲಾಂ ಹುಟ್ಟುಹಾಕಿದ ಸಂಭಾವಿತ ಕಳ್ಳ ಆರ್ಸೆನ್ ಲುಪಾಂ, 1907ರಲ್ಲಿ ಗಾಸ್ತೋಂ ಲರೂ ಬರೆದ ಹಳದಿ ಕೋಣೆಯ ರಹಸ್ಯ, ಇವೆಲ್ಲ ಇಂದಿಗೂ ಓದುಗರನ್ನು ಕಳೆದುಕೊಂಡಿಲ್ಲ. ಆದರೆ ಪ್ಯಾರಿಸ್ಸಿನ ಮಳೆ, ಮಂಜು, ಬೀದಿಬದಿಯ ಕಾಫಿಗೃಹಗಳನ್ನು ಲೋಕದ ಮನಸ್ಸಿನಲ್ಲಿ ಅಚ್ಚೊತ್ತಿದ ಪತ್ತೇದಾರ ಮೇಗ್ರೆಯನ್ನು ಬರೆದವನು ಫ್ರೆಂಚರವನಲ್ಲ. ಜಾರ್ಜ್ ಸಿಮೆನಾನ್ ಬೆಲ್ಜಿಯಂ ದೇಶದವನು. ಬದುಕಿನ ಬಹುಭಾಗವನ್ನು ಪರದೇಶಗಳಲ್ಲಿ ಕಳೆದರೂ ಕೊನೆಯವರೆಗೆ ಬೆಲ್ಜಿಯಂ ಪ್ರಜೆಯಾಗಿಯೇ ಉಳಿದವನು.

ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತಂದು ಓದಿದ ತಲೆಮಾರು ನನ್ನದು. ಮೇಗ್ರೆಯ ಪರಿಚಯ ಆದದ್ದು ಬಹಳ ತಡವಾಗಿ, ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ವೈದ್ಯನಾಗಿ ನೆಲೆನಿಂತ ಮೇಲೆ, ಇಂಗ್ಲಿಷ್ ಅನುವಾದಗಳ ಮೂಲಕ. ಸಿಮೆನಾನ್ ಇದೇ ರಾಜ್ಯದ ಲೇಕ್‌ವಿಲ್ ಎಂಬ ಸಣ್ಣ ಊರಿನಲ್ಲಿ ಐದು ವರ್ಷ ವಾಸವಾಗಿದ್ದನೆಂದು ತಿಳಿದಾಗ ಆತನ ಬದುಕಿನ ಬಗೆಗೂ ಕುತೂಹಲ ಹುಟ್ಟಿತು. ಊರು ಬಿಟ್ಟು ಹೊರಡಲು ಸಿದ್ಧರಾಗುತ್ತಿರುವವರೂ, ಹೊರಟವರನ್ನು ಕಾಯುತ್ತಿರುವವರೂ ತಿಳಿಯಬೇಕಾದ ಬದುಕು ಅದು.

ಸಿಮೆನಾನ್ ಜನಿಸಿದ್ದು 1903ರ ಫೆಬ್ರವರಿಯಲ್ಲಿ, ಲಿಯೇಜ್ ನಗರದಲ್ಲಿ. ಅಂದು ಹದಿಮೂರನೆಯ ತಾರೀಖು, ಶುಕ್ರವಾರ. ಅಪಶಕುನವೆಂದು ಹೆದರಿದ ಮನೆಯವರು ಹನ್ನೆರಡನೆಯ ತಾರೀಖು ಎಂದೇ ನೋಂದಾಯಿಸಿದರು. ತಂದೆ ದೆಸಿರೆ ವಿಮಾ ಸಂಸ್ಥೆಯೊಂದರಲ್ಲಿ ಗುಮಾಸ್ತ. ತಾಯಿ ಹೆನ್ರಿಯೆಟ್ ಬಡತನದ ಭಯವನ್ನು ಎಂದೂ ಮರೆಯದ ಹೆಂಗಸು. ಸಂಸಾರ ತೂಗಿಸಲು ಆಕೆ ಮನೆಯ ಕೋಣೆಗಳನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟಳು. ಬಂದವರಲ್ಲಿ ಅನೇಕರು ರಷ್ಯಾ, ಪೋಲೆಂಡ್‌ಗಳಿಂದ ಓದಲು ಬಂದಿದ್ದವರು. ಹೀಗೆ ಪರದೇಶಿ ವಿದ್ಯಾರ್ಥಿಗಳ ಏಕಾಂತ, ಅವರ ವೈದ್ಯಕೀಯ ಪುಸ್ತಕಗಳು, ಊರಿನಿಂದ ಬರುವ ಕಾಗದಕ್ಕಾಗಿ ಅವರು ಕಾಯುವ ಬಗೆ, ಇವೆಲ್ಲ ಹುಡುಗನ ಕಣ್ಣಿಗೆ ಬಿದ್ದವು. ತಂದೆಗೆ ಹೃದ್ರೋಗವಿದೆ, ಹೆಚ್ಚು ಕಾಲ ಬದುಕಲಾರರೆಂದು 1918ರಲ್ಲಿ ವೈದ್ಯರು ಹೇಳಿದಾಗ ಆತನ ಶಾಲೆಯ ಓದು ಅಲ್ಲಿಗೇ ನಿಂತಿತು.

ಹದಿನಾರು ತುಂಬುವ ಮೊದಲೇ ಸಿಮೆನಾನ್ ಲಿಯೇಜ್‌ನ ದಿನಪತ್ರಿಕೆಯೊಂದರ ವರದಿಗಾರನಾದ. ಪೊಲೀಸ್ ಠಾಣೆ, ನ್ಯಾಯಾಲಯ, ಸಂತೆ, ಶವಯಾತ್ರೆ ಎಲ್ಲವನ್ನೂ ಸುತ್ತಿದ. ಅದೇ ಪತ್ರಿಕೆಯಲ್ಲಿ 1921ರಲ್ಲಿ ಯೆಹೂದ್ಯರ ವಿರುದ್ಧ ಸರಣಿ ಲೇಖನಗಳನ್ನೂ ಬರೆದ. ಆತನ ಚರಿತ್ರೆಯಲ್ಲಿ ಅದು ಅಳಿಸಲಾಗದ ಕಲೆ. ಆ ವರ್ಷದ ಕೊನೆಗೆ ತಂದೆ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಡಿಸೆಂಬರಿನಲ್ಲಿ ಹತ್ತೊಂಬತ್ತರ ಯುವಕ ಪ್ಯಾರಿಸ್ಸಿಗೆ ಹೊರಟ.

ಅಲ್ಲಿ ಹೊಟ್ಟೆಪಾಡಿಗಾಗಿ ಹಲವಾರು ಗುಪ್ತನಾಮಗಳಲ್ಲಿ ಸುಮಾರು 200 ಅಗ್ಗದ ಕಾದಂಬರಿಗಳನ್ನು ಬರೆದ. ಪತ್ರಿಕೆಯೊಂದರ ಕಥಾವಿಭಾಗ ನೋಡಿಕೊಳ್ಳುತ್ತಿದ್ದ ಪ್ರಸಿದ್ಧ ಲೇಖಕಿ ಕೊಲೆಟ್, ಈತನ ಕಥೆಗಳಲ್ಲಿ ಸಾಹಿತ್ಯದ ಆಡಂಬರ ಹೆಚ್ಚಾಗಿದೆ, ಅದನ್ನು ತೆಗೆದುಹಾಕಬೇಕೆಂದು ಸಲಹೆಯಿತ್ತಳು. ಆ ಮಾತನ್ನು ಆತ ಜೀವನಪರ್ಯಂತ ಪಾಲಿಸಿದ. ವಿಶೇಷಣಗಳನ್ನು ಕಿತ್ತುಹಾಕಿ, ಸಾಮಾನ್ಯ ಓದುಗನಿಗೂ ಗೊತ್ತಿರುವ ಪದಗಳಲ್ಲೇ ಬರೆದ. ದೋಣಿಯೊಂದನ್ನು ಕೊಂಡು ಫ್ರಾನ್ಸಿನ ಕಾಲುವೆಗಳಲ್ಲಿ ಸಂಚರಿಸಿದ. ಕಾಲುವೆಯ ಗೇಟು ತೆರೆಯುವವರು, ದೋಣಿಯವರು, ಹೋಟೆಲಿನವರ ಬದುಕನ್ನು ಹತ್ತಿರದಿಂದ ಕಂಡ. ಆ ವರ್ಷಗಳಲ್ಲಿಯೇ ಮೇಗ್ರೆ ರೂಪುಗೊಂಡ. 1931ರಲ್ಲಿ ಪ್ರಕಾಶಕ ಫಾಯಾರ್ ಮೇಗ್ರೆಯ ಕಾದಂಬರಿಗಳನ್ನು ಹೆಚ್ಚುಕಡಿಮೆ ತಿಂಗಳಿಗೊಂದರಂತೆ ಹೊರತಂದಾಗ ಸಿಮೆನಾನ್ ಮನೆಮಾತಾದ. ಮುಂದಿನ ನಾಲ್ಕು ದಶಕಗಳಲ್ಲಿ ಮೇಗ್ರೆಯ 75 ಕಾದಂಬರಿಗಳೂ 28 ಕಥೆಗಳೂ ಬಂದವು.

ಮೇಗ್ರೆ ದಪ್ಪ ಕೋಟು ತೊಟ್ಟ, ಪೈಪು ಸೇದುವ, ಸ್ಥೂಲಕಾಯದ ಅಧಿಕಾರಿ. ಭೂತಗನ್ನಡಿ ಹಿಡಿದು ನೆಲದಲ್ಲಿ ಸುಳಿವು ಹುಡುಕುವುದು ಆತನ ದಾರಿಯಲ್ಲ. ಸತ್ತವನ ಅಡುಗೆಮನೆಯಲ್ಲಿ ಕೂರುತ್ತಾನೆ, ಪಕ್ಕದ ಕಾಫಿಗೃಹದಲ್ಲಿ ಗಂಟೆಗಟ್ಟಲೆ ಕಾಲ ಕಳೆಯುತ್ತಾನೆ, ಆ ಮನೆಯವರು ಉಸಿರಾಡುವ ಗಾಳಿಯನ್ನೇ ತಾನೂ ಉಸಿರಾಡುತ್ತಾನೆ. ಇಂಥ ಮನುಷ್ಯ ಇಂಥ ಕೃತ್ಯಕ್ಕೆ ಹೇಗೆ ಬಂದ ಎಂಬುದು ಅರ್ಥವಾದ ಗಳಿಗೆಯಲ್ಲಿ ಪತ್ತೇದಾರಿ ಮುಗಿಯುತ್ತದೆ. ರೋಗಿಯ ವೃತ್ತಾಂತವನ್ನು ಪೂರ್ತಿ ಕೇಳಿಸಿಕೊಂಡ ವೈದ್ಯನಿಗೆ ಅರ್ಧ ರೋಗನಿರ್ಣಯ ಆದಂತೆಯೇ ಎಂದು ನಮಗೆ ಎಂಬಿಬಿಎಸ್ ಓದುವಾಗ ಕಲಿಸುತ್ತಿದ್ದರು. ಮೇಗ್ರೆಯದೂ ಅದೇ ವಿಧಾನ. ಇದು ಕಾಕತಾಳೀಯವೇನಲ್ಲ. ಲೇಕ್‌ವಿಲ್‌ನ ಮನೆಯಲ್ಲಿ 1950ರಲ್ಲಿ ಬರೆದ ಮೇಗ್ರೆಯ ನೆನಪುಗಳ ಪುಸ್ತಕದಲ್ಲಿ, ಆತ ಮೊದಲು ನಾಂಟ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದ, ತಂದೆಯ ಮರಣದಿಂದ ಓದು ನಿಂತಿತು ಎಂದು ಸಿಮೆನಾನ್ ಬರೆಯುತ್ತಾನೆ. ವೈದ್ಯನೂ ಪುರೋಹಿತನೂ ಒಂದಾದಂಥವನು, ಹರಿದ ಬದುಕುಗಳಿಗೆ ಹೊಲಿಗೆ ಹಾಕುವವನು ಆಗಬೇಕೆಂಬುದು ಮೇಗ್ರೆಯ ಬಾಲ್ಯದ ಕನಸು. ಈ ಕಥೆಗಳು ಇಂದಿಗೂ ಹಳತಾಗದಿರಲು ಕಾರಣ ಇದೇ ಎಂದು ನಾನು ನಂಬಿದ್ದೇನೆ. ಕೊಲೆಗಾರ ಯಾರೆಂಬ ಗುಟ್ಟು ಒಮ್ಮೆ ಓದಿದರೆ ಮುಗಿಯುತ್ತದೆ. ಒಬ್ಬ ಮನುಷ್ಯನನ್ನು ಇನ್ನೊಬ್ಬ ತೀರ್ಪು ಕೊಡದೆ ಅರಿಯುವ ದೃಶ್ಯವನ್ನು ಎಷ್ಟು ಸಲವಾದರೂ ಓದಬಹುದು.

1940ರಲ್ಲಿ ಸಿಮೆನಾನ್‌ನ ಎಕ್ಸ್-ರೇ ನೋಡಿದ ವೈದ್ಯರೊಬ್ಬರು ಹೃದಯ ಹಿಗ್ಗಿದೆ, ಹೆಚ್ಚೆಂದರೆ ಎರಡು ವರ್ಷ ಆಯುಷ್ಯವೆಂದರು. ತಂದೆಯ ಗತಿಯೇ ತನಗೂ ಬಂತೆಂದು ನಂಬಿದ ಆತ, ಪುಟ್ಟ ಮಗ ಮಾರ್ಕ್‌ಗಾಗಿ ತನ್ನ ವಂಶದ ಕಥೆ ಬರೆಯಲು ಕುಳಿತ. ನಿರ್ಣಯ ತಪ್ಪೆಂದು ಆಮೇಲೆ ಬೇರೆ ವೈದ್ಯರಿಂದ ತಿಳಿಯಿತು. ಆದರೆ ಆ ಬರವಣಿಗೆ ಬೆಳೆದು, 1948ರಲ್ಲಿ ‘ಪೆಡಿಗ್ರೀ’ ಎಂಬ ದೊಡ್ಡ ಕಾದಂಬರಿಯಾಗಿ ಹೊರಬಂತು. ಅಲ್ಲಿರುವುದು ಲಿಯೇಜ್, ತಂದೆ, ತಾಯಿ, ಆ ಬಾಡಿಗೆ ವಿದ್ಯಾರ್ಥಿಗಳು.

ಯುದ್ಧಕಾಲದಲ್ಲಿ ಜರ್ಮನರ ಹಿಡಿತದಲ್ಲಿದ್ದ ಚಿತ್ರಸಂಸ್ಥೆಗೆ ಕೃತಿಗಳ ಹಕ್ಕು ಮಾರಿದ ಆರೋಪ ಸಿಮೆನಾನ್ ಮೇಲೆ ಬಂತು. ತಮ್ಮ ಕ್ರಿಸ್ಟಿಯನ್ ಬೆಲ್ಜಿಯಂನಲ್ಲಿ ನಾಜಿಗಳ ಪರ ನಿಂತವನು. ಶಿಕ್ಷೆಯಿಂದ ತಪ್ಪಿಸಿಕೊಳ್ಳಲು ಅಣ್ಣನ ಸಲಹೆಯಂತೆ ಫ್ರೆಂಚ್ ವಿದೇಶಿ ದಳವನ್ನು ಸೇರಿ, 1947ರಲ್ಲಿ ಇಂಡೋಚೀನಾದಲ್ಲಿ ಮಡಿದ. ಕಿರಿಯ ಮಗನೆಂದರೆ ಪ್ರಾಣವಾಗಿದ್ದ ತಾಯಿ ಆ ಸಾವಿಗೆ ಹಿರಿಯನನ್ನೇ ಹೊಣೆ ಮಾಡಿದಳು. ಅಷ್ಟರಲ್ಲಿ ಹಿರಿಯ ಮಗ ಅಟ್ಲಾಂಟಿಕ್ ದಾಟಿ ಆಗಿತ್ತು. 1945ರಿಂದ ಸುಮಾರು ಐದು ವರ್ಷ ಕೆನಡಾ, ಫ್ಲೋರಿಡಾ, ಅರಿಜೋನಾ, ಕ್ಯಾಲಿಫೋರ್ನಿಯಾಗಳಲ್ಲಿ ಅಲೆದು ಕನೆಕ್ಟಿಕಟ್‌ಗೆ ಬಂದ. ಲೇಕ್‌ವಿಲ್‌ನ ಹಿಮದಲ್ಲಿ ಕುಳಿತು ಪ್ಯಾರಿಸ್ಸಿನ ಮಳೆಯನ್ನು ಬರೆದ. 1955ರಲ್ಲಿ ಯುರೋಪಿಗೆ ಮರಳಿ, ಎರಡು ವರ್ಷಗಳ ನಂತರ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ. ಬದುಕಿನಲ್ಲಿ ಆತ ಬದಲಿಸಿದ ಮನೆಗಳು ಮೂವತ್ತಕ್ಕೂ ಹೆಚ್ಚು.

ಕಾದಂಬರಿ ಬರೆಯಲು ಕೂರುವ ಮೊದಲು ಆತ ವೈದ್ಯರಿಂದ ರಕ್ತದೊತ್ತಡ ಪರೀಕ್ಷಿಸಿಕೊಳ್ಳುತ್ತಿದ್ದ. ದಿನಕ್ಕೊಂದು ಅಧ್ಯಾಯದಂತೆ ಬರೆಯುವ ಆ ದಿನಗಳು ದೇಹವನ್ನು ಅಷ್ಟು ದಣಿಸುತ್ತಿದ್ದವು. 1963ರ ಕಾದಂಬರಿಯೊಂದರಲ್ಲಿ, ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡ ಪತ್ರಿಕಾ ಸಂಪಾದಕನೊಬ್ಬ ಪ್ಯಾರಿಸ್ ಹೊರವಲಯದ ಬಿಸೆತ್ರ್ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ತನ್ನ ಬದುಕನ್ನು ತೂಗಿ ನೋಡುತ್ತಾನೆ. ರೋಗಿಯ ಕಡೆಯಿಂದ ಆಸ್ಪತ್ರೆ ಹೇಗೆ ಕಾಣುತ್ತದೆಂದು ತಿಳಿಯಲು ನಾನು ಕಿರಿಯ ವೈದ್ಯರಿಗೆ ಈ ಪುಸ್ತಕವನ್ನು ಓದಲು ಹೇಳುತ್ತೇನೆ.

ಲೋಕದ ಅಪರಾಧಿಗಳನ್ನೆಲ್ಲ ಅರಿತ ಈ ಲೇಖಕನಿಗೆ ಅರ್ಥವಾಗದೆ ಉಳಿದವಳು ತಾಯಿ. ಸಿಮೆನಾನ್ ಆಕೆಗೆ ತಿಂಗಳು ತಿಂಗಳೂ ಹಣ ಕಳುಹಿಸುತ್ತಿದ್ದ. ವೃದ್ಧೆ ಅದನ್ನು ಮುಟ್ಟದೆ ಕೂಡಿಟ್ಟು, ಸ್ವಿಟ್ಜರ್ಲೆಂಡಿನ ಮಗನ ಮನೆಗೆ ಬಂದಾಗ ಹಿಂದಕ್ಕೆ ಕೊಟ್ಟಳು; ಮೊಮ್ಮಕ್ಕಳಿಗೆಂದು ಕೂಡಿಟ್ಟಿದ್ದ ಚಿನ್ನದ ನಾಣ್ಯಗಳನ್ನೂ ತಂದಿದ್ದಳು. ಅದು ಅಭಿಮಾನವೋ, ಮುನಿಸೋ, ಪ್ರೀತಿಯೋ ಎಂದು ಮಗನಿಗೆ ತಿಳಿಯಲಿಲ್ಲ. ಇದನ್ನು ಓದಿದಾಗ ಇಲ್ಲಿನ ಕನ್ನಡಿಗ ಗೆಳೆಯರ ಮನೆಗಳಲ್ಲಿ ಕೇಳಿದ ಮಾತುಗಳು ನೆನಪಾದವು. ಕಳುಹಿಸಿದ ಡಾಲರು ಊರಿನ ಬ್ಯಾಂಕಿನಲ್ಲಿ ಮೊಮ್ಮಕ್ಕಳ ಹೆಸರಿನ ಠೇವಣಿಯಾಗಿರುತ್ತದೆ. ತಾಯಿ ಹಳೆಯ ಸೀರೆಯಲ್ಲೇ ಇರುತ್ತಾಳೆ.

1970ರ ಡಿಸೆಂಬರಿನಲ್ಲಿ ತಾಯಿಗೆ ಕೊನೆಗಾಲ ಬಂತು. ಆಗ ಆಕೆಗೆ ತೊಂಬತ್ತು. ಹಾಸಿಗೆ ಹಿಡಿದದ್ದು ಲಿಯೇಜ್‌ನ ಬವಿಯೇರ್ ಆಸ್ಪತ್ರೆಯಲ್ಲಿ. ಬಾಲಕನಾಗಿದ್ದಾಗ ಸಿಮೆನಾನ್ ಅದೇ ಆಸ್ಪತ್ರೆಯ ಪ್ರಾರ್ಥನಾಮಂದಿರದಲ್ಲಿ ಪಾದ್ರಿಗಳಿಗೆ ಸಹಾಯಕನಾಗಿದ್ದ. ಮಗನನ್ನು ಕಂಡ ತಾಯಿ ಮೊದಲು ಕೇಳಿದ್ದು ಏಕೆ ಬಂದೆ ಎಂದು. ಸುಮಾರು ಒಂದು ವಾರ ಆತ ಹಾಸಿಗೆಯ ಬಳಿ ಕುಳಿತ. ಇಬ್ಬರೂ ಹೆಚ್ಚು ಮಾತಾಡಲಿಲ್ಲ, ಒಬ್ಬರನ್ನೊಬ್ಬರು ನೋಡುತ್ತಿದ್ದರು. ಆಕೆ ತೀರಿಕೊಂಡ ಮೂರು ವರ್ಷಗಳ ಮೇಲೆ, 1974ರಲ್ಲಿ, ಆತ ‘ತಾಯಿಗೆ ಪತ್ರ’ ಎಂಬ ಪುಟ್ಟ ಪುಸ್ತಕವನ್ನು ಪ್ರಕಟಿಸಿದ. ಅದರಲ್ಲಿ ಮೇಗ್ರೆಯಂತೆಯೇ ತಾಯಿಯ ಬಾಲ್ಯಕ್ಕೆ, ಹಸಿವಿಗೆ, ಭಯಕ್ಕೆ ಹಿಂದಿರುಗಿ, ಆಕೆ ಹೀಗೇಕೆ ಇದ್ದಳೆಂದು ಹುಡುಕುತ್ತಾನೆ. ಉತ್ತರ ಓದಬೇಕಾದವಳು ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಆತ ಕಾದಂಬರಿ ಬರೆಯುವುದನ್ನು ನಿಲ್ಲಿಸಿದ್ದ. ಕೊನೆಯ ಮೇಗ್ರೆ ಬಂದದ್ದು 1972ರಲ್ಲಿ. ಕನೆಕ್ಟಿಕಟ್‌ನಲ್ಲಿ ಹುಟ್ಟಿದ ಮಗಳು ಮಾರಿ-ಜೋ 1978ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಪ್ಯಾರಿಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡಳು. ಆಕೆಯ ಚಿತಾಭಸ್ಮವನ್ನು ಲೌಸಾನ್‌ನ ಸಣ್ಣ ಮನೆಯ ಅಂಗಳದ ದೇವದಾರು ಮರದಡಿ ಚೆಲ್ಲಲಾಯಿತು. 1989ರ ಸೆಪ್ಟೆಂಬರ್ 4ರಂದು ಸಿಮೆನಾನ್ ತೀರಿಕೊಂಡಾಗ ಆತನ ಭಸ್ಮವೂ ಅದೇ ಮರದ ಬುಡವನ್ನು ಸೇರಿತು.

ವಿದೇಶಕ್ಕೆ ಹೊರಡುವವರ ಪೆಟ್ಟಿಗೆಯಲ್ಲಿ ಒಂದು ಮೇಗ್ರೆ ಕಾದಂಬರಿಯಿರಲಿ. ಗೊತ್ತಿಲ್ಲದ ಊರಿನಲ್ಲಿ ಕುಳಿತು, ನೋಡಿ, ಕೇಳಿ, ಅಲ್ಲಿನವರನ್ನು ಅರಿಯುವುದು ಹೇಗೆಂದು ಅದು ತೋರಿಸಿಕೊಡುತ್ತದೆ. ಹೊರಟು ವರ್ಷಗಳಾದವರು ‘ತಾಯಿಗೆ ಪತ್ರ’ವನ್ನು ಓದಲಿ, ತಾಯಿ ಇನ್ನೂ ಮಾತಾಡಬಲ್ಲ ಸ್ಥಿತಿಯಲ್ಲಿರುವಾಗಲೇ ಓದಲಿ.